ಕೊತ್ತಂಬರಿ ಕಟ್ಟಿನ ಮೀಮಾಂಸೆ: ಕಡೂರು, ತರೀಕೆರೆ, ಅಜ್ಜಂಪುರ ಸೀಮೆಯ ಪೇಟೆ ಗಮನಶಾಸ್ತ್ರಕ್ಕೆ ಒಂದು ಪ್ರವೇಶ

ಸಾರು ಕುದಿಯತೊಡಗಿದ ಮೇಲೆ ಕೊತ್ತಂಬರಿ ಸೊಪ್ಪಿಲ್ಲವೆಂಬುದು ಅರಿವಿಗೆ ಬಂದು, ಆ ಗಳಿಗೆಯಲ್ಲಿ ಮನೆಯೊಳಗೆ ಯಾರಿಂದ ಅತಿ ಕಡಿಮೆ ಉಪಯೋಗವಿದೆಯೋ ಅವರ ಕೈಗೆ ಚೀಲ ಕೊಟ್ಟು ಹೊರಗೆ ಕಳಿಸುವ, ಅವರು ಗಂಟೆಯೊಂದು ಕಳೆದ ಮೇಲೆ ಕೊತ್ತಂಬರಿಯೊಂದನ್ನು ಬಿಟ್ಟು ಮಿಕ್ಕೆಲ್ಲವನ್ನೂ ಹೊತ್ತು ಹಿಂದಿರುಗುವ ಕ್ರಿಯೆಗೆ ಲೋಕರೂಢಿಯಲ್ಲಿ ‘ಪೇಟೆಗೆ ಹೋಗಿಬರುವುದು’ ಎಂದು ಹೆಸರು. ಇದನ್ನು ಅರ್ಥಶಾಸ್ತ್ರಜ್ಞರು ಖರೀದಿಯೆಂದೂ, ಸಾರಿಗೆ ತಜ್ಞರು ಸಂಚಾರವೆಂದೂ, ಕಳಿಸಿದವರು ಸೋಮಾರಿತನವೆಂದೂ ವರ್ಗೀಕರಿಸುತ್ತ ಬಂದಿದ್ದು, ಈ ಮೂರು ಮತಗಳಲ್ಲಿ ಕೊನೆಯದು ಸತ್ಯಕ್ಕೆ ಹೆಚ್ಚು ಹತ್ತಿರವಾಗಿದ್ದರೂ ಸಂಪೂರ್ಣವಲ್ಲವೆಂಬುದು ಪ್ರಸ್ತುತ ಪ್ರಬಂಧದ ಪ್ರತಿಜ್ಞೆ. ಪೇಟೆಗೆ ಹೋಗಿಬರುವುದು ಮೂಲತಃ ಗಮನದ ಒಂದು ಸಾಧನೆ. ಮನುಷ್ಯರು ಮನುಷ್ಯರನ್ನು ನಿಂತು ನೋಡಿ, ಮಾತನಾಡಿಸಿ, ತೂಗಿ, ಲೆಕ್ಕಕ್ಕೆ ಹಿಡಿಯುವ ವಿಧಾನ. ಚೀಲದಲ್ಲಿ ಮನೆಗೆ ಬರುವ ಸಾಮಾನು ಅದರ ಉಪಫಲ ಮಾತ್ರ, ಅಂದರೆ ಉದ್ದೇಶಿಸದಿದ್ದರೂ ಜೊತೆಗೆ ದೊರಕುವಂಥದು. ಈ ಸಾಧನೆಯಲ್ಲಿ ತೊಡಗಿದ ವ್ಯಕ್ತಿಯನ್ನು, ಸ್ತ್ರೀ ಪುರುಷ ಭೇದವಿಲ್ಲದೆ, ಇಲ್ಲಿ ‘ಚೀಲಧಾರಿ’ ಎಂದು ಕರೆಯಲಾಗಿದೆ. ಚೀಲವನ್ನು ಮನೆಯಲ್ಲೇ ಮರೆತು ಹೊರಟವರೂ ತತ್ತ್ವತಃ ಚೀಲಧಾರಿಗಳೇ, ಏಕೆಂದರೆ ಚೀಲವಿಲ್ಲದ್ದರ ಬಗ್ಗೆ ಅವರು ದಾರಿಯುದ್ದಕ್ಕೂ ಉತ್ತರ ಹೇಳಬೇಕಾಗುತ್ತದೆ.

ಈ ಶಾಸ್ತ್ರಕ್ಕೆ ಪೂರ್ವಸೂರಿಗಳ ನೆರವು ಕಡಿಮೆ. ಬಿ. ಎಲ್. ರೈಸ್ ಅವರು ಎಪಿಗ್ರಾಫಿಯಾ ಕರ್ನಾಟಿಕದ 6ನೆಯ ಸಂಪುಟದಲ್ಲಿ ಕಡೂರು ಜಿಲ್ಲೆಯ ಶಾಸನಗಳನ್ನೆಲ್ಲ ಒಟ್ಟುಗೂಡಿಸಿ 1901ರಲ್ಲಿ ಪ್ರಕಟಿಸಿದರು. ಯಾವ ದೊರೆ ಯಾವ ದೇವರಿಗೆ ಎಷ್ಟು ಭೂಮಿ ಬಿಟ್ಟನೆಂಬುದು ಅದರಿಂದ ತಿಳಿಯುತ್ತದೆಯೇ ಹೊರತು, ಶಾಸನದ ಅಚ್ಚು ತೆಗೆಯಲು ಬಂದವರು ಹಾದಿಯಲ್ಲಿ ಎಲೆಯಡಿಕೆ ಕೊಂಡಾಗ ಅಂಗಡಿಯವನು ಅವರನ್ನು ಏನೇನು ಕೇಳಿದನೆಂಬುದು ತಿಳಿಯುವುದಿಲ್ಲ. ಕೇಳದೆ ಬಿಟ್ಟಿರಲಾರನೆಂಬುದಕ್ಕೆ ಇಂದಿನ ವ್ಯವಹಾರವೇ ಅನುಮಾನ ಪ್ರಮಾಣ. ಹೊಗೆಯಿಂದ ಬೆಂಕಿಯನ್ನು ಊಹಿಸುವಂತೆ ಕಾಣುವುದರಿಂದ ಕಾಣದ್ದನ್ನು ಊಹಿಸುವುದಕ್ಕೆ ತರ್ಕಶಾಸ್ತ್ರದಲ್ಲಿ ಅನುಮಾನವೆಂದು ಹೆಸರು. ತರ್ಕಶಾಸ್ತ್ರದ ಹೊರಗಿನ ಅನುಮಾನವೂ ಈ ಸೀಮೆಯಲ್ಲಿ ಧಾರಾಳವಾಗಿ ದೊರೆಯುತ್ತದೆ, ಅದರ ವಿಚಾರ ಮುಂದೆ ಬರಲಿದೆ.

ಗಮನಶಾಸ್ತ್ರದ ಮೂಲವನ್ನು ವಿದ್ವಾಂಸರು ಪಾಳಿಯ ಸತಿಪಟ್ಠಾನ ಸುತ್ತದಲ್ಲಿ ಗುರುತಿಸುತ್ತಾರೆ. ಉಸಿರಾಟದಿಂದ ಆರಂಭವಾಗುವ ಆ ಉಪದೇಶವು ನಡೆಯುವಾಗ, ನಿಲ್ಲುವಾಗ, ಅತ್ತಿತ್ತ ನೋಡುವಾಗ, ಕೈಕಾಲು ಮಡಿಸಿ ಚಾಚುವಾಗ, ಪಾತ್ರೆ ಚೀವರಗಳನ್ನು ಹೊರುವಾಗ, ಮಾತಾಡುವಾಗ, ಸುಮ್ಮನಿರುವಾಗ ಏನು ಮಾಡುತ್ತಿರುವೆನೆಂಬ ಎಚ್ಚರ ಭಿಕ್ಷುವಿಗೆ ಇರಬೇಕೆನ್ನುತ್ತದೆ. ಪಾತ್ರೆಯ ಜಾಗದಲ್ಲಿ ಎಣ್ಣೆ ಕ್ಯಾನನ್ನೂ ಚೀವರದ ಜಾಗದಲ್ಲಿ ಹೆಗಲ ಮೇಲಿನ ಟವಲನ್ನೂ ಇಟ್ಟು ಓದಿದರೆ ಆ ಪಟ್ಟಿಯು ಕಡೂರಿನ ಸಂತೆಗೆ ಹೊರಟವರ ದಿನಚರಿಯೇ ಆಗುತ್ತದೆ. ಆಧುನಿಕ ಕಾಲದಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರದಲ್ಲಿ ಜಾನ್ ಕಬಾಟ್-ಜಿನ್ ಅವರು 1979ರಲ್ಲಿ ಈ ಅಭ್ಯಾಸವನ್ನು ಒತ್ತಡ ಇಳಿಸುವ ಎಂಟು ವಾರಗಳ ತರಬೇತಿಯಾಗಿ ಒಗ್ಗಿಸಿದರು. ಮೈಂಡ್‌ಫುಲ್‌ನೆಸ್ ಎಂಬ ಹೆಸರಿನಲ್ಲಿ ಅದು ಲೋಕವನ್ನೆಲ್ಲ ಸುತ್ತಿ ಈಗ ಬೆಂಗಳೂರಿನ ಕಚೇರಿಗಳಿಗೂ ಬಂದಿದೆ. ಅವರ ಮತದಲ್ಲಿ ಅದೆಂದರೆ ಈ ಕ್ಷಣದಲ್ಲಿ ನಡೆಯುತ್ತಿರುವುದನ್ನು, ಬೇಕೆಂದೇ, ತೀರ್ಪು ಕೊಡದೆ ಗಮನಿಸುವುದು.

‘ತೀರ್ಪು ಕೊಡದೆ’ ಎಂಬ ಈ ಕಟ್ಟಳೆಯಲ್ಲಿಯೇ ಪಾಶ್ಚಾತ್ಯ ಶಾಖೆಗೂ ಕಡೂರು ಶಾಖೆಗೂ ಬಿರುಕು ಬೀಳುತ್ತದೆ. ಕಡೂರು ಶಾಖೆಯು ಈ ಕ್ಷಣದಲ್ಲಿ ನಡೆಯುತ್ತಿರುವುದನ್ನು ಅಷ್ಟೇ ತೀಕ್ಷ್ಣವಾಗಿ, ಅಷ್ಟೇ ಬೇಕೆಂದು ಗಮನಿಸುತ್ತದೆ; ಆದರೆ ಗಮನಿಸಿದ ಮೇಲೆ ಒಂದು ಮಾತು ಆಡದೆ ಬಿಡುವುದನ್ನು ಅಸೌಜನ್ಯವೆಂದು ಭಾವಿಸುತ್ತದೆ. ತೀರಾ ಇಳಿದುಹೋಗಿದ್ದೀರಿ, ಶುಗರ್ರಾ? ಎಂದು ಬಸ್ ನಿಲ್ದಾಣದಲ್ಲಿ ಕೇಳುವವರು ಆರೋಗ್ಯ ಇಲಾಖೆಯವರಲ್ಲ. ಇಂಥ ಗಮನವನ್ನು ಈ ಪ್ರಬಂಧದಲ್ಲಿ ‘ತೀರ್ಪುಸಹಿತ ಗಮನ’ ಎಂದು ಕರೆದಿದೆ, ಮತ್ತು ಮುಂದಿನ ವಿವೇಚನೆಯೆಲ್ಲ ಈ ಒಂದು ಪರಿಭಾಷೆಯ ಬೆನ್ನ ಮೇಲೆ ಸಾಗುತ್ತದೆ.

ಅಧ್ಯಯನದ ಕ್ಷೇತ್ರವು ಚಿಕ್ಕಮಗಳೂರು ಜಿಲ್ಲೆಯ ಮೂರು ಊರುಗಳಿಗೆ ಸೀಮಿತ. ಜಿಲ್ಲೆಯ ಹೆಸರು ಕೇಳಿದೊಡನೆ ಹೊರಗಿನವರಿಗೆ ಮುಳ್ಳಯ್ಯನಗಿರಿ, ಮಂಜು, ಕಾಫಿ ಹೂವುಗಳು ನೆನಪಾಗುವುದು ಸಹಜ. ಆದರೆ 1947ರವರೆಗೆ ಇಡೀ ಜಿಲ್ಲೆಗೆ ಕಡೂರು ಜಿಲ್ಲೆಯೆಂದೇ ಹೆಸರಿತ್ತು, ಮತ್ತು ಮಂಜು ಮುಸುಕಿದ ಮಲೆನಾಡಿನಲ್ಲಿ ಎದುರಿಗೆ ಬಂದವರ ಮುಖವೇ ಕಾಣದಿರುವುದರಿಂದ ಗಮನಶಾಸ್ತ್ರವು ಬಯಲು ಸೀಮೆಯಲ್ಲಿ ಬೆಳೆಯಿತೆಂಬುದು ಭೂಗೋಳದ ದೃಷ್ಟಿಯಿಂದ ಯುಕ್ತವಾಗಿದೆ. ತೆಂಗು, ರಾಗಿಗಳ ಕಡೂರು. ಅಡಿಕೆ ತೋಟಗಳನ್ನೂ ಲಕ್ಕವಳ್ಳಿಯ ಭದ್ರಾ ಜಲಾಶಯವನ್ನೂ ಕೆಮ್ಮಣ್ಣುಗುಂಡಿಯ ಬೆಟ್ಟವನ್ನೂ ತನ್ನ ತಾಲ್ಲೂಕಿನೊಳಗೇ ಇಟ್ಟುಕೊಂಡಿರುವ ತರೀಕೆರೆ. ಇತ್ತೀಚಿನವರೆಗೆ ತರೀಕೆರೆ ತಾಲ್ಲೂಕಿನ ಭಾಗವಾಗಿದ್ದು ಈಗ ತಾನೇ ತಾಲ್ಲೂಕು ಕೇಂದ್ರವಾಗಿರುವ, ಈರುಳ್ಳಿಗೂ ಅಮೃತಮಹಲ್ ರಾಸುಗಳಿಗೂ ಹೆಸರಾದ ಅಜ್ಜಂಪುರ. ಮೂರೂ ಕಡೆ ಮಾತಿಗೆ ಮೊದಲ ವಿಷಯ ಮಳೆ. ಒಂದೇ ಜಿಲ್ಲೆಯ ಮಲೆನಾಡಿನಲ್ಲಿ ಮಳೆ ಸಾಕಪ್ಪಾ ಎನ್ನಿಸುವಾಗ ಕಡೂರಿನಲ್ಲಿ ಮೋಡ ಕಟ್ಟಿ, ನಾಲ್ಕು ಹನಿ ಉದುರಿಸಿ, ಲೆಕ್ಕ ಚುಕ್ತಾ ಆಯಿತೆಂಬಂತೆ ಸರಿದುಹೋಗುವುದರಿಂದ, “ನಿಮ್ ಕಡೆ ಮಳೆ ಹೆಂಗೆ?” ಎಂಬ ಪ್ರಶ್ನೆಯಲ್ಲಿ ಕೇವಲ ಸೌಜನ್ಯವಲ್ಲದೆ ಹೊಟ್ಟೆಕಿಚ್ಚಿನ ಅಂಶವೂ ಸೇರಿರುತ್ತದೆ.

ಸಾಧನೆಯ ಆರಂಭ ಹೊಸ್ತಿಲಲ್ಲಿ. ಚೀಲಧಾರಿಯು ಗೇಟು ಎಳೆದುಕೊಳ್ಳುವಷ್ಟರಲ್ಲಿ ಎದುರು ಮನೆಯ ಜಗುಲಿಯಿಂದ ಒಂದು ಪ್ರಶ್ನೆ ಬರುತ್ತದೆ. “ಏನಣ್ಣ, ಪೇಟೆಗಾ?” “ಹೂಂ, ಇಲ್ಲೇ.” “ಈ ಬಿಸ್ಲಲ್ಲಾ?” “ಏನ್ ಮಾಡದು, ಸೊಪ್ಪಿಲ್ವಂತೆ.” “ಈ ಹೊತ್ನಲ್ಲಿ ಸೊಪ್ಪೆಲ್ಲಿ ಸಿಗುತ್ತೆ? ಬೆಳಿಗ್ಗೆನೇ ಖಾಲಿ.” ಈ ಸಂವಾದದಿಂದ ಎರಡು ಕಡೆಗೂ ಯಾವ ಹೊಸ ಮಾಹಿತಿಯೂ ದೊರೆತಿಲ್ಲವೆಂಬುದು ಸ್ಪಷ್ಟ: ಚೀಲ ಹಿಡಿದವರು ಪೇಟೆಗೆ ಹೊರಟಿದ್ದಾರೆಂಬುದು ಕಾಣುತ್ತಿದೆ, ಬಿಸಿಲಿರುವುದು ಇಬ್ಬರಿಗೂ ಗೊತ್ತಿದೆ. ಮಾಹಿತಿಗಾಗಿ ಅಲ್ಲದೆ ನಂಟು ಉಳಿಸಿಕೊಳ್ಳುವುದಕ್ಕಾಗಿಯೇ ಆಡುವ ಇಂಥ ಮಾತನ್ನು ಮಾನವಶಾಸ್ತ್ರಜ್ಞ ಮಲಿನೋವ್ಸ್ಕಿ 1923ರಲ್ಲಿ ಬೇರೆಯೇ ಒಂದು ವರ್ಗವಾಗಿ ಗುರುತಿಸಿ ಹೆಸರಿಟ್ಟರು. ಪೆಸಿಫಿಕ್ ಸಾಗರದ ಟ್ರೋಬ್ರಿಯಂಡ್ ದ್ವೀಪಗಳವರೆಗೆ ಹೋಗಿ ವರ್ಷಗಟ್ಟಲೆ ಡೇರೆ ಹಾಕಿ ಕೂತು ಮನುಷ್ಯರ ಮಾತುಕತೆಯನ್ನು ಅಭ್ಯಸಿಸಿದ ಅವರು ತರೀಕೆರೆಯ ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಒಂದು ಮಧ್ಯಾಹ್ನ ಕಳೆದಿದ್ದರೆ ಖರ್ಚು ಉಳಿಯುತ್ತಿತ್ತು. ಇನ್ನು ಸಮಾಜಶಾಸ್ತ್ರಜ್ಞ ಎರ್ವಿಂಗ್ ಗಾಫ್‌ಮನ್ 1963ರ ತಮ್ಮ ಗ್ರಂಥದಲ್ಲಿ, ಬೀದಿಯಲ್ಲಿ ಅಪರಿಚಿತರು ಒಬ್ಬರನ್ನೊಬ್ಬರು ಒಮ್ಮೆ ಕಂಡು, ಕಂಡೆನೆಂದು ತೋರಿಸಿ, ಕೂಡಲೇ ಕಣ್ಣು ಹಿಂದೆಗೆದುಕೊಳ್ಳುವ ನಗರದ ಶಿಷ್ಟಾಚಾರವನ್ನು ‘ಸಭ್ಯ ಅಲಕ್ಷ್ಯ’ವೆಂಬ ಅರ್ಥದ ಹೆಸರಿನಿಂದ ವರ್ಣಿಸಿದ್ದಾರೆ. ಈ ಸಿದ್ಧಾಂತದ ಪೂರ್ವಾರ್ಧ ಕಡೂರಿಗೂ ಅನ್ವಯಿಸುತ್ತದೆ. ಉತ್ತರಾರ್ಧ, ಅಂದರೆ ಕಣ್ಣು ಹಿಂದೆಗೆದುಕೊಳ್ಳುವ ಭಾಗ, ಕ್ಷೇತ್ರದಲ್ಲಿ ಎಲ್ಲಿಯೂ ಕಂಡುಬಂದಿಲ್ಲ.

ಶಾಸ್ತ್ರದ ನಿಜವಾದ ಸೊಬಗು ಹೂವಿನ ಅಂಗಡಿಯ ಮುಂದೆ ವ್ಯಕ್ತವಾಗುತ್ತದೆ. ಹೂವನ್ನು ಮೊಳದಲ್ಲಿ ಅಳೆಯುತ್ತಾರೆ. ಮೊಳವೆಂದರೆ ಮೊಣಕೈಯಿಂದ ನಡುಬೆರಳ ತುದಿಯವರೆಗಿನ ಉದ್ದ, ಮತ್ತು ಆ ಕೈ ಯಾವಾಗಲೂ ಮಾರುವವರದೇ. ತೂಕ ಮತ್ತು ಅಳತೆಗಳ ಮೆಟ್ರಿಕ್ ಪದ್ಧತಿ ಭಾರತದಲ್ಲಿ ಕಾನೂನಾಗಿ ಆರು ದಶಕಗಳು ಕಳೆದರೂ ಮಲ್ಲಿಗೆಯ ಹೊಸ್ತಿಲನ್ನು ಅದು ದಾಟಿಲ್ಲ. ಹೂವಮ್ಮನ ಮೊಣಕೈ ಎಷ್ಟು ಮಡಿಸಿದೆ, ದಾರ ಎಷ್ಟು ಬಿಗಿಯಾಗಿ ಎಳೆದಿದೆ, ಬೆರಳ ತುದಿಯಲ್ಲಿ ಒಂದು ಗೇಣು ಉಳಿಯಿತೋ ಮುಗಿಯಿತೋ ಎಂಬುದನ್ನು ಚೀಲಧಾರಿ ರೆಪ್ಪೆ ಬಡಿಯದೆ ನೋಡಬೇಕಾಗುತ್ತದೆ. ಹೂವಮ್ಮ ಚೀಲಧಾರಿಯ ಕಣ್ಣನ್ನು ಅಷ್ಟೇ ನಿಷ್ಠೆಯಿಂದ ನೋಡುತ್ತಿರುತ್ತಾಳೆ. ಎರಡು ಜೀವಗಳು ಒಂದೇ ಕ್ಷಣದಲ್ಲಿ ಇಷ್ಟು ಸಂಪೂರ್ಣವಾಗಿ ತಲ್ಲೀನವಾಗುವ ಸಂದರ್ಭ ಧ್ಯಾನಕೇಂದ್ರಗಳಲ್ಲಿಯೂ ದುರ್ಲಭ. ಮೊಳ ಮುಗಿದ ಮೇಲೆ ಚೀಲಧಾರಿಯು “ಕೊಸ್ರು ಹಾಕಮ್ಮ” ಎನ್ನುತ್ತಾನೆ. ಕೊಸರು ಎಂದರೆ ಅಳತೆ ಮುಗಿದ ಮೇಲೆ ದುಡ್ಡಿಲ್ಲದೆ ಕೊಡುವ ಚೂರು. ಅದು ಲೆಕ್ಕಕ್ಕೆ ಸೇರದು, ಆದರೆ ಅದಿಲ್ಲದೆ ವ್ಯಾಪಾರ ಮುಗಿಯದು. ಅದನ್ನು ರಿಯಾಯಿತಿಯೆಂದು ಭಾವಿಸುವ ಅರ್ಥಶಾಸ್ತ್ರಜ್ಞರ ಪಕ್ಷ ನಿಲ್ಲುವುದಿಲ್ಲ, ಏಕೆಂದರೆ ರಿಯಾಯಿತಿಯನ್ನು ಮೊದಲೇ ಹೇಳುತ್ತಾರೆ, ಎಲ್ಲರಿಗೂ ಕೊಡುತ್ತಾರೆ. ಕೊಸರನ್ನು ಕೇಳಿದವರ ಮುಖ ನೋಡಿ ಕೊಡುತ್ತಾರೆ. ಒಬ್ಬರಿಗೆ ನಾಲ್ಕು ಹೂವು, ಇನ್ನೊಬ್ಬರಿಗೆ ಗೇಣುದ್ದ, ಮತ್ತೊಬ್ಬರಿಗೆ “ಇವತ್ತು ಮಾಲೇ ಇಲ್ಲ ಕಣಣ್ಣ” ಎಂಬ ಮಾತು. ಇದು ತೀರ್ಪುಸಹಿತ ಗಮನದ ಅತ್ಯಂತ ಶುದ್ಧ ರೂಪ: ತೀರ್ಪು ಇದೆ, ಅದು ಹೂವಿನ ಲೆಕ್ಕದಲ್ಲಿ ಇದೆ, ಮತ್ತು ಅದರ ಮೇಲೆ ಅಪೀಲಿಲ್ಲ.

ಕಿರಾಣಿ ಅಂಗಡಿಯ ಗಮನ ಇದಕ್ಕಿಂತ ದೀರ್ಘಕಾಲಿಕವಾದದ್ದು. “ಹೋದ್ವಾರ ತಾನೇ ಎರಡ್ ಕೆಜಿ ಸಕ್ಕರೆ ತಗಂಡ್ ಹೋದ್ರಿ, ಮುಗೀತಾ? ಮಗಳು ಬಂದಿದಾಳಾ?” ಎಂದು ಅಂಗಡಿಯವರು ಕೇಳಿದಾಗ, ಅವರು ಸಕ್ಕರೆಯ ಖರ್ಚಿನ ವೇಗದಿಂದ ಮನೆಗೆ ಬಂದ ನೆಂಟರ ಸಂಖ್ಯೆಯನ್ನೂ, ಅವರ ನಂಟಿನ ಹತ್ತಿರವನ್ನೂ, ಅವರು ಇನ್ನೆಷ್ಟು ದಿನ ಇರುವರೆಂಬುದನ್ನೂ ಲೆಕ್ಕ ಹಾಕಿರುತ್ತಾರೆ. ಮೊಬೈಲಿನ ಆ್ಯಪ್‌ಗಳೂ ಗಿರಾಕಿಯ ಖರೀದಿಯಿಂದ ಅವನ ಬದುಕನ್ನು ಊಹಿಸುತ್ತವೆಂದು ತಂತ್ರಜ್ಞಾನ ಪಕ್ಷದವರು ವಾದಿಸಬಹುದು. ಊಹಿಸುತ್ತವೆ ನಿಜ, ಆದರೆ ಆ್ಯಪ್ ತನ್ನ ಊಹೆಯನ್ನು ಬೇರೆ ಕಂಪನಿಗೆ ಮಾರುತ್ತದೆ, ಅಂಗಡಿಯವರು ಅದನ್ನು ಮುಂದಿನ ಗಿರಾಕಿಗೆ ಪುಕ್ಕಟೆಯಾಗಿ ಹೇಳುತ್ತಾರೆ. ಅಲ್ಲದೆ ಮಗಳು ಬಂದಿದ್ದಾಳೆಂದು ತಿಳಿದ ಮೇಲೆ “ಬಾಣಂತನಕ್ಕಾ? ಹಂಗಾದ್ರೆ ಒಳ್ಳೆ ತುಪ್ಪ ಬರುತ್ತೆ ಗುರುವಾರ, ಎತ್ತಿಡ್ತೀನಿ” ಎನ್ನುವ ಸೌಲಭ್ಯ ಆ್ಯಪ್‌ಗಳಲ್ಲಿ ಇನ್ನೂ ಬಂದಂತಿಲ್ಲ. ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲಿ ಪ್ರಕಟಿಸಿದ ಪ್ರಸಿದ್ಧ ಲೇಖನವು, ಮನುಷ್ಯನಿಗೆ ಹೊಸ ಕೆಲಸ, ಹೊಸ ಸುದ್ದಿಗಳು ಒಡಹುಟ್ಟಿದವರಿಗಿಂತಲೂ ಅಷ್ಟಕ್ಕಷ್ಟೇ ಪರಿಚಯವಿರುವವರಿಂದ ಹೆಚ್ಚಾಗಿ ದೊರೆಯುತ್ತವೆಂಬುದನ್ನು ತೋರಿಸಿತು. ಇಂಥ ಪರಿಚಯಗಳನ್ನು ಅವರು ‘ದುರ್ಬಲ ನಂಟು’ಗಳೆಂದರು. ಗಂಡು ಹೆಣ್ಣುಗಳ ಜಾತಕ, ತೆಂಗಿನಕಾಯಿ ಕೀಳುವವರ ವಿಳಾಸ, ಬೋರ್‌ವೆಲ್ಲಿನಲ್ಲಿ ಎಷ್ಟು ಅಡಿಗೆ ನೀರು ಬಿತ್ತೆಂಬ ವಾರ್ತೆ, ಇವೆಲ್ಲ ಕಿರಾಣಿ ಅಂಗಡಿಯ ತಕ್ಕಡಿಯ ಬಳಿಯಲ್ಲಿಯೇ ಕೈ ಬದಲಾಯಿಸುವುದರಿಂದ ಆ ಸಿದ್ಧಾಂತವನ್ನು ಈ ಪ್ರಬಂಧವು ಒಪ್ಪುತ್ತದೆ. ದುರ್ಬಲ ಎಂಬ ವಿಶೇಷಣವನ್ನು ಮಾತ್ರ, ಸಾಲದ ಪುಸ್ತಕದಲ್ಲಿ ಹೆಸರಿರುವವರ ದೃಷ್ಟಿಯಿಂದ, ಒಪ್ಪಲಾಗದು.

ಕಬಾಟ್-ಜಿನ್ ಅವರ ತರಬೇತಿಯಲ್ಲಿ ಒಣದ್ರಾಕ್ಷಿಯ ಅಭ್ಯಾಸವೊಂದಿದೆ. ಶಿಷ್ಯರು ಒಂದು ಒಣದ್ರಾಕ್ಷಿಯನ್ನು ಅಂಗೈಯಲ್ಲಿಟ್ಟು ನೋಡಿ, ಮುಟ್ಟಿ, ಮೂಸಿ, ನಿಧಾನವಾಗಿ ಬಾಯಿಗಿಟ್ಟು, ಅಗಿಯುವ ಮುನ್ನ ನಾಲಿಗೆಯ ಮೇಲೆ ಹೊರಳಿಸಿ ಅದರ ರುಚಿಯನ್ನು ಪೂರ್ತಿಯಾಗಿ ಅನುಭವಿಸಬೇಕು. ಸಂತೆಯಲ್ಲಿ ಬೆಲ್ಲದ ಅಚ್ಚಿನ ಮೂಲೆ ಮುರಿದು, ಕಡಲೆಕಾಯಿ ಸುಲಿದು, ಹುಣಸೆಹಣ್ಣಿನ ಎಳೆ ಚೀಪಿ ಪರೀಕ್ಷಿಸುವ ಪದ್ಧತಿಯನ್ನು ಬಲ್ಲವರಿಗೆ ಇದರಲ್ಲಿ ಹೊಸತೇನೂ ಕಾಣದು. ವ್ಯತ್ಯಾಸವಿರುವುದು ಎರಡು ಕಡೆ. ದ್ರಾಕ್ಷಿಯ ಶಿಷ್ಯರು ಒಂದು ದ್ರಾಕ್ಷಿಗೆ ನಿಲ್ಲುತ್ತಾರೆ, ಸಂತೆಯ ಸಾಧಕರು ಐದು ಅಂಗಡಿಗಳ ಬೆಲ್ಲ ಮುಗಿಸಿ “ಬಣ್ಣ ಯಾಕೋ ಜಾಸ್ತಿ ಆತು” ಎಂದು ತೀರ್ಪಿತ್ತು ಮುಂದೆ ನಡೆಯುತ್ತಾರೆ. ಇನ್ನೊಂದು, ಅಲ್ಲಿ ಶುಲ್ಕವನ್ನು ಮುಂಗಡವಾಗಿ ಕಟ್ಟಬೇಕು.

ಪೇಟೆಯ ಪ್ರದಕ್ಷಿಣೆ ಯಾವ ದಿಕ್ಕಿನಲ್ಲಿರಬೇಕೆಂಬ ಪ್ರಶ್ನೆಗೆ ತರೀಕೆರೆ ಬಳಿಯ ಅಮೃತಾಪುರದ ಅಮೃತೇಶ್ವರ ದೇವಾಲಯವೇ ಪ್ರಮಾಣ. ಹೊಯ್ಸಳ ಎರಡನೆಯ ವೀರಬಲ್ಲಾಳನ ದಂಡನಾಯಕ ಅಮೃತನು 1196ರಲ್ಲಿ ಕಟ್ಟಿಸಿದ ಈ ಗುಡಿಯ ಶಾಸನವನ್ನು ರಚಿಸಿದವನು ಕವಿ ಜನ್ನ. ಶಿಲ್ಪಿಗಳಲ್ಲಿ ಪ್ರಸಿದ್ಧನಾದ ಮಲ್ಲಿತಮ್ಮನು ತನ್ನ ವೃತ್ತಿಯನ್ನು ಆರಂಭಿಸಿದ್ದೂ ಇಲ್ಲಿಯೇ ಎನ್ನುತ್ತಾರೆ. ಹೊರಗೋಡೆಯ ಸಾಲಿನಲ್ಲಿ ಭಾಗವತದ 25, ಮಹಾಭಾರತದ 45 ಫಲಕಗಳು ಪ್ರದಕ್ಷಿಣೆಯ ಕ್ರಮದಲ್ಲಿ ಸಾಗಿದರೆ, ದಕ್ಷಿಣ ದಿಕ್ಕಿನ 70 ಫಲಕಗಳ ರಾಮಾಯಣ ಮಾತ್ರ ಹೊಯ್ಸಳರ ವಾಡಿಕೆಗೆ ವಿರುದ್ಧವಾಗಿ ಅಪ್ರದಕ್ಷಿಣೆಯಲ್ಲಿ ಸಾಗುತ್ತದೆ. ಕಥೆ ಪೂರ್ತಿ ತಿಳಿಯಬೇಕಾದರೆ ಭಕ್ತರು ಒಮ್ಮೆ ಹೀಗೂ ಒಮ್ಮೆ ಹಾಗೂ ನಡೆಯಲೇಬೇಕು. ಪೇಟೆಯಿಂದ ಅರ್ಧ ದಾರಿ ಬಂದ ಮೇಲೆ ಕೊತ್ತಂಬರಿ ನೆನಪಾಗಿ ಮತ್ತೆ ತಿರುಗಿ ಹೋಗುವ ಚೀಲಧಾರಿ ಹಾಗಾದರೆ ಮರೆಗುಳಿಯಲ್ಲ, ಎಂಟು ನೂರು ವರ್ಷಗಳ ಹಿಂದಿನ ಸ್ಥಳೀಯ ಪರಂಪರೆಯನ್ನು ಕಾಲಿನಿಂದ ಪಾಲಿಸುತ್ತಿರುವವನು ಎಂದು ವಾದಿಸಲು ಅವಕಾಶವಿದೆ. ಹಾಗೆ ವಾದಿಸಿದ ವಿದ್ವಾಂಸರು ಇದುವರೆಗೆ ಯಾರೂ ಇಲ್ಲವೆಂಬುದು ಈ ಪಕ್ಷದ ಸ್ವೋಪಜ್ಞತೆಗೆ ಸಾಕ್ಷಿ. ಮನೆಯಲ್ಲಿ ಕಾಯುತ್ತಿರುವವರು ಇದನ್ನು ಒಪ್ಪಿದ ದಾಖಲೆಯೂ ಇಲ್ಲ.

ಅಜ್ಜಂಪುರ ಶಾಖೆಯ ವೈಶಿಷ್ಟ್ಯಕ್ಕೆ ಕಾರಣವನ್ನು ಅಲ್ಲಿನ ಜಾನುವಾರು ತಳಿಯಲ್ಲಿ ಹುಡುಕಬೇಕು. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಬೆಣ್ಣೆ ಚಾವಡಿಯೆನ್ನಿಸಿಕೊಂಡಿದ್ದ ಅರಮನೆಯ ದನದ ಇಲಾಖೆಗೆ ಟಿಪ್ಪು ಸುಲ್ತಾನ್ ಅಮೃತಮಹಲ್ ಎಂದು ಹೆಸರಿಟ್ಟ. ಹೈದರ್ ಮತ್ತು ಟಿಪ್ಪುವಿನ ಸೇನೆಯ ವೇಗಕ್ಕೆ ಫಿರಂಗಿ ಎಳೆಯುತ್ತಿದ್ದ ಈ ಎತ್ತುಗಳೇ ಕಾರಣವೆಂದು ಎದುರಾಳಿ ಇಂಗ್ಲಿಷರೂ ಒಪ್ಪಿದ್ದಾರೆ. ಆ ತಳಿಯ ಸಂವರ್ಧನಾ ಕೇಂದ್ರ ಇಂದಿಗೂ ಅಜ್ಜಂಪುರದಲ್ಲಿದೆ. ಕಾವಲಿನಲ್ಲಿ, ಅಂದರೆ ಮೇವಿಗೆಂದು ಮೀಸಲಿಟ್ಟ ಹುಲ್ಲುಗಾವಲಿನಲ್ಲಿ, ಬಿಡುಬೀಸಾಗಿ ಬೆಳೆಯುವ ಈ ರಾಸುಗಳು ಹೊಸಬರು ಕಂಡರೆ ಮೇಯುವುದನ್ನು ನಿಲ್ಲಿಸಿ, ತಲೆಯೆತ್ತಿ, ಕಿವಿ ನಿಮಿರಿಸಿ, ಬಂದವರು ಯಾರೆಂಬುದು ತೀರ್ಮಾನವಾಗುವವರೆಗೆ ನೋಡುತ್ತವೆ. ಊರಿನ ಟೀ ಅಂಗಡಿಯಲ್ಲಿ ಹೊಸ ಮುಖವೊಂದು ಒಳಗೆ ಬಂದಾಗ ನಡೆಯುವುದರೊಂದಿಗೆ ಇದಕ್ಕೆ ಸಂಬಂಧವಿದೆಯೇ ಎಂಬುದನ್ನು ಪಶುವೈದ್ಯರೂ ಸಮಾಜಶಾಸ್ತ್ರಜ್ಞರೂ ಸೇರಿ ನಿರ್ಧರಿಸಬೇಕಾಗಿದೆ. ಈರುಳ್ಳಿ ಕಿತ್ತ ಕಾಲದಲ್ಲಿ ಮಾತ್ರ ಅಲ್ಲಿ ಯಾರೂ ಯಾರನ್ನೂ ಗಮನಿಸುವುದಿಲ್ಲ. ಎಲ್ಲರ ಗಮನವೂ ಬೆಂಗಳೂರಿನ ಯಶವಂತಪುರ ಮಾರುಕಟ್ಟೆಯ ದರದ ಮೇಲಿರುತ್ತದೆ.

ಇನ್ನು ಪೂರ್ವಪಕ್ಷ. ಎದುರಾಳಿಯ ವಾದವನ್ನು ಮೊದಲು ನ್ಯಾಯವಾಗಿ ಮಂಡಿಸಿ ಆಮೇಲೆ ಖಂಡಿಸುವುದು ಶಾಸ್ತ್ರಮರ್ಯಾದೆ. ಯುಪಿಐ 2016ರಲ್ಲಿ ಬಂದ ಮೇಲೆ ಸೊಪ್ಪಿನ ಬುಟ್ಟಿಯ ಪಕ್ಕದಲ್ಲಿಯೂ ಕ್ಯೂಆರ್ ಹಾಳೆ ನಿಂತಿದೆ. ದುಡ್ಡು ಬಂದೊಡನೆ ಸಣ್ಣ ಡಬ್ಬವೊಂದು ಮೊತ್ತವನ್ನು ಕೂಗಿ ಹೇಳುತ್ತದೆ. ಚಿಲ್ಲರೆಯ ಜಗಳವಿಲ್ಲ, ಚಿಲ್ಲರೆಗೆ ಬದಲು ಚಾಕೊಲೇಟು ತೆಗೆದುಕೊಳ್ಳುವ ಅವಮಾನವಿಲ್ಲ, ಸಮಯ ಉಳಿಯುತ್ತದೆ. ಹೀಗಿರುವಾಗ ತೀರ್ಪುಸಹಿತ ಗಮನವೆಂಬುದು ಹಳೆಯ ಕಾಲದ ಅಡಚಣೆಗೆ ಇಟ್ಟ ಶಾಸ್ತ್ರೀಯ ಹೆಸರಷ್ಟೇ ಅಲ್ಲವೇ ಎಂದು ಆಕ್ಷೇಪ.

ಇದಕ್ಕೆ ಸಮಾಧಾನ: ಗಿಲಿಯನ್ ಸ್ಯಾಂಡ್‌ಸ್ಟ್ರಾಮ್ ಮತ್ತು ಎಲಿಜಬೆತ್ ಡನ್ ಎಂಬ ಮನಶ್ಶಾಸ್ತ್ರಜ್ಞರು 2014ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಕಾಫಿ ಅಂಗಡಿಗೆ ಹೋದ ಕೆಲವರಿಗೆ ಚುರುಕಾಗಿ ಕೊಂಡು ಬನ್ನಿರೆಂದೂ, ಇನ್ನು ಕೆಲವರಿಗೆ ಕಾಫಿ ಕೊಡುವವರೊಡನೆ ನಕ್ಕು ಎರಡು ಮಾತಾಡಿ ಬನ್ನಿರೆಂದೂ ಹೇಳಿ ಕಳಿಸಿದರು, ಮಾತಾಡಿ ಬಂದವರೇ ಹೆಚ್ಚು ಗೆಲುವಾಗಿದ್ದರು, ತಾವು ಈ ಜಗತ್ತಿಗೆ ಸೇರಿದವರೆಂಬ ಭಾವ ಅವರಲ್ಲಿಯೇ ಹೆಚ್ಚಾಗಿತ್ತು. ಕಾಫಿ ಬೆಳೆಯುವ ಜಿಲ್ಲೆಯಲ್ಲಿ ಇದನ್ನು ಅಳೆಯಲು ಯಾರಿಗೂ ತೋಚದೆ ಹೋದದ್ದು ವಿಷಾದನೀಯ. ನೆದರ್‌ಲ್ಯಾಂಡ್ಸಿನಲ್ಲಿ ಜಂಬೊ ಎಂಬ ಸೂಪರ್‌ಮಾರ್ಕೆಟ್ ಸರಣಿಯು ಒಂಟಿತನದಿಂದ ಬಳಲುವ ವೃದ್ಧರಿಗಾಗಿ 2019ರಿಂದ ‘ಹರಟೆಯ ಕೌಂಟರ್’ಗಳನ್ನು ತೆರೆದಿದೆ, ಅವಸರವಿಲ್ಲದವರು ಆ ಸಾಲಿನಲ್ಲಿ ನಿಂತು ಬಿಲ್ ಮಾಡುವವರೊಡನೆ ಕಷ್ಟಸುಖ ಮಾತಾಡಬಹುದು. ತರೀಕೆರೆಯಲ್ಲಿ ಹರಟೆಯಿಲ್ಲದ ಕೌಂಟರನ್ನು ತೆರೆಯಲು ಇನ್ನೂ ಯಾರಿಗೂ ಸಾಧ್ಯವಾಗಿಲ್ಲ. ಬ್ರಿಟನ್ನಿನಲ್ಲಿ 2018ರಲ್ಲಿ ಒಂಟಿತನದ ಖಾತೆಗೆಂದು ಮಂತ್ರಿಯೊಬ್ಬರನ್ನು ನೇಮಿಸಲಾಯಿತು. ಮಂಡ್ಯ ಜಿಲ್ಲೆಯ ಹಲ್ಲೆಗೆರೆ ಮೂಲದ ವಿವೇಕ್ ಮೂರ್ತಿ ಅವರು ಅಮೆರಿಕದ ಸರ್ಜನ್ ಜನರಲ್ ಆಗಿದ್ದಾಗ 2023ರಲ್ಲಿ ಹೊರಡಿಸಿದ ಸಲಹಾಪತ್ರವು, ಜನರ ನಂಟಿಲ್ಲದ ಬದುಕು ಆಯುಸ್ಸಿಗೆ ಮಾಡುವ ಕೇಡನ್ನು ದಿನಕ್ಕೆ 15 ಸಿಗರೇಟಿನವರೆಗೆ ಸೇದುವ ಕೇಡಿಗೆ ಸಮನೆಂದು ಎಚ್ಚರಿಸಿತು. ಬೀಡಾ ಅಂಗಡಿಯ ಮುಂದೆ ನಿಂತು ಒಂದು ಬೀಡಿ ಸೇದುತ್ತ ಮುಕ್ಕಾಲು ಗಂಟೆ ನಾಲ್ಕು ಜನರೊಡನೆ ಮಾತಾಡುವ ಕಡೂರಿನವರ ಆಯುಸ್ಸು ನಿವ್ವಳ ಏರುತ್ತದೆಯೋ ಇಳಿಯುತ್ತದೆಯೋ ಎಂಬ ಗಣಿತವನ್ನು ಆ ಪತ್ರ ಬಿಡಿಸಿಲ್ಲ.

ಆದರೂ ಡಬ್ಬದ ಪಕ್ಷವನ್ನು ಇಷ್ಟಕ್ಕೇ ಸೋತಿತೆಂದು ಘೋಷಿಸುವುದು ಅಪ್ರಾಮಾಣಿಕವಾದೀತು. ಈ ಸೀಮೆಯಲ್ಲಿ ಹೊಸಬರಿಗೆ ಕೇಳುವ ಪ್ರಶ್ನೆಗಳು ಮೂರು: ಯಾವೂರು, ಯಾರ ಮನೆಯವರು, ಯಾರ ಪೈಕಿ. ಮೊದಲ ಎರಡರಲ್ಲಿ ಕುತೂಹಲವಿದೆ. ಮೂರನೆಯದು ಜಾತಿಯನ್ನು ಕೇಳುತ್ತದೆ, ಮತ್ತು ಉತ್ತರ ಬಂದ ಮೇಲೆ ಕೆಲವರ ಮಟ್ಟಿಗೆ ಮಾತಿನ ಧಾಟಿ ಬದಲಾಗುತ್ತದೆ. ಸಂವಿಧಾನದ 17ನೆಯ ವಿಧಿ ಅಸ್ಪೃಶ್ಯತೆಯನ್ನು ರದ್ದುಗೊಳಿಸಿದ ಬಳಿಕವೂ ಕರ್ನಾಟಕದ ಹಳ್ಳಿಗಾಡಿನ ಎಷ್ಟೋ ಹೋಟೆಲುಗಳಲ್ಲಿ ಬೇರೆ ಲೋಟ ಉಳಿದುಕೊಂಡಿತ್ತು; ಚಿಲ್ಲರೆಯನ್ನು ಕೈಗೆ ಕೊಡದೆ ಮೇಲಿನಿಂದ ಹಾಕುವವರಿದ್ದರು. ಅಂಥ ಅಂಗಡಿಯಲ್ಲಿ ಹೊರಗೆ ನಿಂತೇ ಸಾಮಾನು ಕೊಂಡವರಿಗೆ ತೀರ್ಪುಸಹಿತ ಗಮನದ ಸೊಬಗನ್ನು ವಿವರಿಸಲು ಯಾವ ಪ್ರಬಂಧಕ್ಕೂ ನಾಲಿಗೆ ಏಳದು. ಕ್ಯೂಆರ್ ಡಬ್ಬಕ್ಕೆ ಕಣ್ಣಿಲ್ಲ, ನಗುವಿಲ್ಲ, ಕೊಸರು ಗೊತ್ತಿಲ್ಲ. ಆದರೆ ಯಾರ ದುಡ್ಡು ಬಂದರೂ ಅದು ಒಂದೇ ದನಿಯಲ್ಲಿ ಕೂಗುತ್ತದೆ. ಹಾಗೆಯೇ “ಈ ಹೊತ್ನಲ್ಲಿ ಎಲ್ಲಿಗಮ್ಮ?” ಎಂಬ ಪ್ರಶ್ನೆ ಗಂಡಸಿನ ಪಾಲಿಗೆ ಕುಶಲವಾದರೆ ಹೆಂಗಸಿನ ಪಾಲಿಗೆ ಕಾವಲು. ಶಕ್ತಿ ಯೋಜನೆ 2023ರ ಜೂನ್ 11ರಂದು ಜಾರಿಗೆ ಬಂದು ಸರ್ಕಾರಿ ಬಸ್ಸುಗಳಲ್ಲಿ ಹೆಂಗಸರ ಪ್ರಯಾಣ ಉಚಿತವಾದ ಮೇಲೆ, ಬಸ್ ಚಾರ್ಜಿಗೆಂದು ದುಡ್ಡು ಕೇಳುವಾಗ ಹೇಳಬೇಕಾಗಿದ್ದ ಕಾರಣವೂ ಇಲ್ಲದೆ ತರೀಕೆರೆಗೆ ಹೋಗಿ, ಸುಮ್ಮನೆ ನಾಲ್ಕು ಅಂಗಡಿ ನೋಡಿ, ಏನನ್ನೂ ಕೊಳ್ಳದೆ ಬರುವ ಸ್ವಾತಂತ್ರ್ಯ ಬಹುಶಃ ಮೊದಲ ಸಲ ಅನೇಕರಿಗೆ ದೊರಕಿತು. ಸೊನ್ನೆ ರೂಪಾಯಿಯ ಆ ಟಿಕೆಟ್ಟು ಈ ಶಾಸ್ತ್ರದ ಇತಿಹಾಸದಲ್ಲಿ ಹೂವಿನ ಮೊಳಕ್ಕಿಂತ ದೊಡ್ಡ ಘಟನೆಯೆಂದೇ ಎಣಿಸಬೇಕು. ಆದ್ದರಿಂದ ಸಿದ್ಧಾಂತವನ್ನು ಹೀಗೆ ತಿದ್ದಬೇಕಾಗುತ್ತದೆ: ಗಮನವಿರಲಿ, ಮಳೆ ಬೆಳೆ ಮೊಣಕಾಲು ನೋವುಗಳ ವಿಚಾರಣೆ ಇರಲಿ, ತೂಕದ ಬಗ್ಗೆ ತೀರ್ಪೂ ಇರಲಿ, ಮೂರನೆಯ ಪ್ರಶ್ನೆಯನ್ನು ಪಠ್ಯದಿಂದ ತೆಗೆದುಹಾಕತಕ್ಕದ್ದು.

ಪಡಿತರದ ಅಂಗಡಿ, ಜನರ ಬಾಯಲ್ಲಿ ಸೊಸೈಟಿ, ಪ್ರತ್ಯೇಕ ಅಧ್ಯಾಯಕ್ಕೆ ಅರ್ಹವಾದರೂ ಇಲ್ಲಿ ಸೂಚಿಸಿ ಬಿಡಲಾಗಿದೆ. ಹೆಬ್ಬೆಟ್ಟನ್ನು ಯಂತ್ರ ಒಪ್ಪುವವರೆಗೆ ಒರೆಸಿ, ಒತ್ತಿ, ತಲೆಗೆ ಸವರಿ ಎಣ್ಣೆಯ ಪಸೆ ಮಾಡಿ, ಮತ್ತೆ ಒತ್ತುವ ಹೊತ್ತಿನಲ್ಲಿ ಸಾಲಿನಲ್ಲಿರುವವರೆಲ್ಲ ಒಂದೇ ಬೆರಳಿನ ಮೇಲೆ ಏಕಾಗ್ರರಾಗುವುದು ನಿಜ. ಆದರೆ ಸರ್ವರ್ ಇಲ್ಲವೆಂದು ಹಿಂದಿರುಗುವ ಮುದುಕಿಯ ತಾಳ್ಮೆಯನ್ನು ಸಾಧನೆಯೆಂದು ಹೊಗಳುವುದು ಸಾಧನೆಗೂ ಅವಮಾನ, ಮುದುಕಿಗೂ ಅವಮಾನ. ತಾಲ್ಲೂಕು ಕಚೇರಿಯ ವಿಷಯದಲ್ಲಿಯೂ ಇಷ್ಟೇ. ಅಲ್ಲಿ ಗಮನವನ್ನು ಅಭ್ಯಸಿಸುವವರು ಮೇಜಿನ ಈ ಕಡೆಯವರು ಮಾತ್ರ.

ಇದೇ ಜಿಲ್ಲೆಯ ಬೆಟ್ಟದ ಬದಿಗೆ, ಕಾಫಿ ತೋಟಗಳ ನಡುವೆ, ದಣಿದ ನಗರವಾಸಿಗಳು ಮೊಬೈಲನ್ನು ಬದಿಗಿಟ್ಟು ಮೌನವಾಗಿ ನಡೆದು, ಎಲೆಯನ್ನು ಮುಟ್ಟಿ, ಅಗುಳನ್ನು ಎಣಿಸಿ ಉಣ್ಣುವುದನ್ನು ಕಲಿಯುವ ವಾಸ್ತವ್ಯಗಳು ದೊರೆಯುತ್ತವೆ. ಅವುಗಳಿಗೆ ಹೋಗುವವರಲ್ಲಿ ಅನೇಕರು ಕಡೂರಿನ ಮೇಲೆಯೇ, ಕಿಟಕಿ ಏರಿಸಿಕೊಂಡು, ಹಾದುಹೋಗುತ್ತಾರೆ. ಎರಡೂ ವಿಧಾನಗಳು ಫಲಕಾರಿಯೆಂಬುದನ್ನು ಈ ಪ್ರಬಂಧ ಅಲ್ಲಗಳೆಯುವುದಿಲ್ಲ. ಆದರೆ ಅಲ್ಲಿ ಮೌನಕ್ಕೆ ದುಡ್ಡು ಕೊಡಬೇಕು. ಇಲ್ಲಿ ಐದು ರೂಪಾಯಿಯ ಸೊಪ್ಪು ಕೊಂಡರೆ ಮಾತು ಪುಕ್ಕಟೆ. ಅಲ್ಲಿ ಕಲಿತವರು ತಮ್ಮ ಉಸಿರನ್ನು ಗಮನಿಸುತ್ತಾರೆ. ಇಲ್ಲಿನವರು ಏದುಸಿರು ಬಿಡುತ್ತ ಬಂದವರನ್ನು ಕೂರಿಸಿ ನೀರು ಕೊಡುತ್ತಾರೆ, ಆಮೇಲೆ ಇಷ್ಟು ದಪ್ಪ ಯಾಕಾದಿರೆಂದು ಕೇಳುತ್ತಾರೆ. ಎರಡರಲ್ಲಿ ಒಂದನ್ನೇ ಆರಿಸಬೇಕೆಂದು ಒತ್ತಾಯ ಬಂದರೆ ಈ ಪ್ರಬಂಧದ ಮತವು ನೀರಿನ ಪಕ್ಷಕ್ಕೆ, ಜೊತೆಗೆ ಬರುವ ಮಾತನ್ನು ಸಹಿಸಿಕೊಂಡು.

ಇಲ್ಲಿ ಪ್ರತಿಪಾದಿಸಿದ್ದನ್ನು ಸ್ವತಃ ಪರಿಶೀಲಿಸಬಯಸುವ ಜಿಜ್ಞಾಸುಗಳು ಬಟ್ಟೆಯ ಚೀಲವನ್ನೂ ಸಾಕಷ್ಟು ಚಿಲ್ಲರೆಯನ್ನೂ ತರತಕ್ಕದ್ದು, ಮತ್ತು ಸಂಜೆಯ ಮೇಲೆ ಯಾವ ಕೆಲಸವನ್ನೂ ಇಟ್ಟುಕೊಳ್ಳತಕ್ಕದ್ದಲ್ಲ. ಬೆಂಗಳೂರಿನಿಂದ ಬರುವ ರೈಲು ಕಡೂರು ದಾಟಿ ಬೀರೂರು ಮುಟ್ಟಿದ ಮೇಲೆ ಹಳಿ ಎರಡಾಗುತ್ತದೆ: ಶಿವಮೊಗ್ಗದ ಕಡೆಗೆ ತಿರುಗುವುದು ತರೀಕೆರೆಗೆ, ಹುಬ್ಬಳ್ಳಿಯ ಕಡೆಗೆ ಹೋಗುವುದು ಅಜ್ಜಂಪುರಕ್ಕೆ. ತಾವು ಕೂತಿರುವ ಗಾಡಿ ಯಾವುದೆಂಬ ಸಂಶಯ ಬಂದಲ್ಲಿ ಮೊಬೈಲನ್ನು ತೆಗೆಯದೆ ಎದುರು ಸೀಟಿನವರನ್ನು ಕೇಳಿ. ಅವರು ಗಾಡಿಯ ವಿಷಯ ಹೇಳುವ ಮೊದಲು ಊಟ ಆಯಿತೇ ಎಂದು ಕೇಳುತ್ತಾರೆ, ಅದಕ್ಕೆ ಉತ್ತರ ಕೊಡಿ.